ವೈನಿಯ ರವಿವಾರಗಳು

ಹೋದ ವಾರ ಬೀದರಿನ ಪೇಟೆಯಲ್ಲಿ ಒಬ್ಬ ಮುದುಕಿ ಬುಟ್ಟಿ ತುಂಬ ಸೀತಾಫಲ ಇಟ್ಟುಕೊಂಡು ಕೂತಿದ್ದಳು. ಕೆಳಗೆ ಒಣಹುಲ್ಲು, ಮೇಲೆ ಅದೇ ಗಿಡದ ಎಲೆ. ಬಿರಿಯಲು ಹವಣಿಸುವ ಹಣ್ಣಿನ ಸಿಹಿ ವಾಸನೆ, ಅದರೊಳಗೊಂದಿಷ್ಟು ಹುಲ್ಲಿನ ವಾಸನೆ... ಔಷಧ ತರಲು ಹೊರಟವಳು ಅಲ್ಲೇ ನಿಂತುಬಿಟ್ಟೆ. ನಮ್ಮ ಬಾಜೂ ಮನೆಯ ವೈನಿ ನೆನಪಾದಳು.

ಆಕೆ ನನಗೆ ಸಂಬಂಧಿಯೇನಲ್ಲ. ಬೀದರಿನ ಹಳೇ ಊರಿನೊಳಗೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಎರಡು ಬಾಡಿಗೆ ಮನೆಗಳಲ್ಲಿ ನಾವಿದ್ದೆವು. ನನಗಿಂತ ಐದಾರು ವರ್ಷ ದೊಡ್ಡವಳು, ಹಾಗಾಗಿ ನಾನು ಅತ್ತಿಗೆಯನ್ನು ಕರೆಯುವಂತೆ ವೈನಿ ಅಂದೆ, ಆಕೆ ನನ್ನನ್ನು ತಂಗಿ ಅಂದಳು. ಮೂರು ವರ್ಷ ಬಿಡದೆ ಮಳೆ ಕೈಕೊಟ್ಟ ಕಾಲ ಅದು. ಔರಾದ ಕಡೆಯ ಹಳ್ಳಿಯಲ್ಲಿ ಆಕೆಯ ಗಂಡನ ಹೊಲ ಬಿತ್ತದೆ ಬಿದ್ದಿತ್ತು. ಅವನು ಹೈದರಾಬಾದಿಗೆ ಹೋಗಿ ಆಟೋ ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ವೈನಿ ಕಚೇರಿಗಳ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಕ್ಕಳಿರಲಿಲ್ಲ.

ನನ್ನ ಕಥೆಯೂ ಹೆಚ್ಚುಕಡಿಮೆ ಅಷ್ಟೇ. ನನ್ನ ತವರು ಭಾಲ್ಕಿ ತಾಲ್ಲೂಕಿನ ಮೆಹಕರ. ಅಪ್ಪ, ಅವ್ವ, ಇಬ್ಬರು ತಮ್ಮಂದಿರು ಮನೆಗೆ ಬೀಗ ಹಾಕಿ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನನ್ನ ಗಂಡ ಬೀದರಿನ ಹೊರಗೇ ಇರುವ ಕೊಳಾರದ ಫ್ಯಾಕ್ಟರಿಯಲ್ಲಿದ್ದರು. ನಾನು ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದೆ. ಹಬ್ಬ ಬಂದರೆ ಹೋಗಲು ತವರಿಲ್ಲ, ಕರೆಯಲು ಯಾರೂ ಇಲ್ಲ.

ಇಬ್ಬರಿಗೂ ಅದೇ ಬರ. ಟ್ಯಾಂಕರ್ ಬಂದಾಗ ಇಬ್ಬರೂ ಒಂದೇ ಸಾಲಿನಲ್ಲಿ ಕೊಡ ಹಿಡಿದು ನಿಲ್ಲುತ್ತಿದ್ದೆವು. ಆದರೆ ಆಕೆ ಸಾಲಿನಲ್ಲಿ ನಿಂತೂ ನಗುತ್ತಿದ್ದಳು. ಅದು ಹೇಗೆ ಅಂತ ನನಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದಕ್ಕೇ ಸಿಟ್ಟು ಬರುತ್ತಿತ್ತು.

ದಸರೆ ಮುಗಿದು ಬಿಸಿಲು ಮೆತ್ತಗಾಗುತ್ತಿದ್ದಂತೆ ವೈನಿಯ ತಿರುಗಾಟ ಶುರುವಾಗುತ್ತಿತ್ತು. ಪ್ರತಿ ರವಿವಾರ ಬೆಳಿಗ್ಗೆ ಎರಡು ಜೋಳದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು, ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಹೊರಟುಬಿಡುವಳು. ಒಂದು ವಾರ ಕೋಟೆ, ಒಂದು ವಾರ ಅಷ್ಟೂರಿನ ಸುಲ್ತಾನರ ಗೋರಿಗಳು, ಮತ್ತೊಂದು ವಾರ ಬಸ್ಸು ಹತ್ತಿ ಭಾಲ್ಕಿಯ ಪೇಟೆ, ಇಲ್ಲವೆ ಔರಾದದ ಅಮರೇಶ್ವರನ ಗುಡಿ. ಹೋಗುವಾಗ ನನ್ನ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು.

"ತಂಗೀ, ಬರ್ತೀ ಏನು? ಹೊತ್ತು ಮುಳುಗೋದ್ರಾಗ ತಿರುಗಿ ಬರ್ತೇವಿ."

"ಇಲ್ರಿ ವೈನಿ, ಹೊಲಿಯೂದು ಭಾಳ ಅದ."

ಹೊಲಿಯುವುದು ಅಷ್ಟೇನೂ ಇರುತ್ತಿರಲಿಲ್ಲ. ಗಂಡ ಬೇಡ ಅನ್ನುವವರೂ ಅಲ್ಲ. "ಹೋಗಿ ಬಾ, ಮನ್ಯಾಗ ಕುಂತು ಏನ್ ಮಾಡ್ತಿ" ಅಂತ ಅವರೇ ಅನ್ನುತ್ತಿದ್ದರು. ಆದರೂ ಹೋಗಲಿಲ್ಲ. ಆಕೆ ಕರೆದಳು ಅಂತ ಹೋದರೆ ಆಕೆಯ ಸುಖದಲ್ಲಿ ನಾನು ಪಾಲು ಬೇಡಿದ ಹಾಗೆ ಆಗುತ್ತದೆ ಅಂತ ಏನೇನೋ ಅಂದುಕೊಂಡೆ. ಯಾರೂ ನನ್ನನ್ನು ತಡೆದಿರಲಿಲ್ಲ, ಅದಕ್ಕೇ ಉರಿ ಹೆಚ್ಚು.

ಸಂಜೆ ಆಕೆ ಬಂದು ನಮ್ಮ ಕಟ್ಟೆಯ ಮೇಲೆ ಚೀಲ ಸುರಿಯುವಳು. ಕೋಟೆಯ ಕಂದಕದ ಬದಿಯಲ್ಲಿ ಸಿಕ್ಕ ಹಸಿರು ಬಳೆಚೂರು, ಹಳೇ ಸಾಮಾನಿನವನ ರಾಶಿಯಲ್ಲಿ ಹುಡುಕಿ ತೆಗೆದ ಮುಚ್ಚಳವಿಲ್ಲದ ಬಿದರಿ ಡಬ್ಬಿ, ಔರಾದದ ಪೇಡೆ, ನವಿಲುಗರಿ. ಒಂದು ಸಲ ಅಷ್ಟೂರಿನಿಂದ ಬಂದವಳು ಕಣ್ಣರಳಿಸಿ ಹೇಳಿದಳು.

"ಗೋರಿ ಒಳಗ ಕತ್ತಲಿ ಅದ ತಂಗಿ. ಅಲ್ಲಿ ನೋಡಕೊಳ್ಳಾಂವ ಹೊರಗ ಬಿಸಲಾಗ ಕನ್ನಡಿ ಹಿಡದು ಬೆಳಕು ಗುಮ್ಮಟದ ಚಿತ್ರದ ಮ್ಯಾಲ ಬಿಡ್ತಾನ. ಬಿಟ್ಟಕೂಡ್ಲೆ ಬಂಗಾರದ ಬಣ್ಣ, ಕೆಂಪು, ನೀಲಿ... ಎಲ್ಲಾ ಆಗ ಬರದಂಗ ಕಾಣ್ತದ."

ಅಷ್ಟೂರು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಬೀದರಿಗೆ ಬಂದು ನಾಲ್ಕು ವರ್ಷವಾಗಿತ್ತು, ಒಮ್ಮೆಯೂ ನೋಡಿರಲಿಲ್ಲ. "ಹೌದೇನ್ರಿ" ಅಂದು ಸೂಜಿಗೆ ದಾರ ಪೋಣಿಸಿದೆ. ಆ ವಾರವೆಲ್ಲ ಮಷೀನು ತುಳಿಯುವಾಗ ನಾನು ನೋಡದ ಆ ಬಣ್ಣಗಳೇ ಕಣ್ಣ ಮುಂದೆ.

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ದೀಪಾವಳಿಗೆ ಒಂದು ವಾರ ಇರುವಾಗ, ಒಂದು ರವಿವಾರ, ಆಕೆ ಬಂದವಳೇ ಚೀಲವನ್ನು ನನ್ನ ಮಡಿಲಲ್ಲಿಟ್ಟಳು. ಒಳಗೆ ಆರು ಸೀತಾಫಲ.

"ಎಲ್ಲಿವು ಹೇಳು ನೋಡೋಣ?"

"ಎಲ್ಲಿವ್ರಿ?"

"ನಿನ್ನ ತವರು ಮನಿ ಅಂಗಳದ್ದು! ಭಾಲ್ಕಿಗಿ ಹೋಗಿದ್ದೆ, ಮೆಹಕರದ ಬಸ್ ನಿಂತಿತ್ತು, ಹತ್ತೇಬಿಟ್ಟೆ. ಕೇಳ್ಕೋತ ಹೋದೆ. ಬೀಗ ಹಾಕ್ಯಾರ ಖರೆ, ಗಿಡ ಮಾತ್ರ ಹಣ್ಣಿನಿಂದ ಜಗ್ಗಿ ಗ್ವಾಡಿ ದಾಟಿ ಹೊರಗ ಬಂದದ. ಹಬ್ಬಕ್ಕ ತವರಿಂದ ಏನಾರ ಬರಬೇಕಲ್ಲ ನಿನಗ."

ಅವ್ವ ಪುಣೆಗೆ ಹೋದ ಮೇಲೆ ಆ ಅಂಗಳಕ್ಕೆ ನಾನು ಕಾಲಿಟ್ಟಿರಲಿಲ್ಲ. ಬೀಗ ನೋಡಲಾರೆ ಅಂತ. ಆಕೆ ಹೋಗಿ ಬಂದಿದ್ದಳು! ಯಾವ ಹೆಂಗಸು ನನ್ನ ಬಗ್ಗೆ ಕೇಳಿದಳು, ಯಾರು ದಾರಿ ತೋರಿಸಿದರು, ನಮ್ಮ ತುಳಸಿಕಟ್ಟೆ ಎಷ್ಟು ಬಿರಿದಿದೆ, ಎಲ್ಲ ನನಗೇ ಹೇಳುತ್ತಿದ್ದಳು. ನನ್ನ ತವರಿನ ಸುದ್ದಿ ನನಗೆ ಆಕೆಯ ಬಾಯಿಂದ. ಪ್ರೀತಿಯಿಂದಲೇ ತಂದದ್ದು, ಇವತ್ತು ಗೊತ್ತಾಗುತ್ತದೆ. ಅವತ್ತು ನನ್ನ ಹತ್ತಿರ ಉಳಿದಿದ್ದ ಒಂದನ್ನೂ ಆಕೆ ಚೀಲಕ್ಕೆ ತುಂಬಿಕೊಂಡು ಬಂದಳು ಅನ್ನಿಸಿತು. ಒಂದು ಹಣ್ಣೂ ನಾನು ತಿನ್ನಲಿಲ್ಲ. ಕೊಳೆಯಲು ಬಿಟ್ಟೆ.

ಮೂರು ದಿನದ ಮೇಲೆ ಆಕೆಯ ಅತ್ತೆ ಊರಿಂದ ಬಂದರು. ವೈನಿ ಅಂಗಡಿಯಲ್ಲಿದ್ದಳು, ಬಾಗಿಲಿಗೆ ಬೀಗ. ನಾನೇ ಕರೆದು ಕೂಡಿಸಿ ನೀರು ಕೊಟ್ಟೆ, ಚಹಾ ಮಾಡಿದೆ. ಮುದುಕಿ ಅದೂ ಇದೂ ಮಾತಾಡಿ, ಕಡೆಗೆ ಕೇಳಿದರು.

"ಐತವಾರ ನಮ್ಮ ತಮ್ಮನ ಮಗ ಬಂದಿದ್ದನಂತ. ಬೀಗ ಇತ್ತಂತ. ಎಲ್ಲಿಗಿ ಹೋಗ್ತಾಳವಾ ಈಕಿ?"

ಎಲ್ಲಿಗೆ ಹೋಗುತ್ತಾಳೆ, ಏನು ತರುತ್ತಾಳೆ, ಯಾವ ಬಸ್ಸಿಗೆ ಬರುತ್ತಾಳೆ, ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ನಾನು ಲೋಟ ತೊಳೆಯುತ್ತ, ಮುಖ ತಿರುಗಿಸದೆ ಅಂದೆ:

"ನನಗೇನ್ ಗೊತ್ರಿ ಆಯಿ. ಪ್ರತಿ ಐತವಾರ ಹೋಗ್ತಾರ. ಬರೂದ್ರಾಗ ಕತ್ತಲಾಗಿರ್ತದ."

"ಯಾರ ಕೂಡ ಹೋಗ್ತಾಳ?"

"ನಾ ಕೇಳಿಲ್ರಿ."

ಅಷ್ಟೇ. ಅದರೊಳಗೆ ಗೊತ್ತಿಲ್ಲ ಅಂದದ್ದು ಒಂದು ಸುಳ್ಳು, ಕತ್ತಲು ಇನ್ನೊಂದು. ಆಯಿ ಚಹಾ ಪೂರ್ತಿ ಕುಡಿಯದೆ ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು. ವೈನಿ ಬರುವ ತನಕ ಅಲ್ಲೇ ಕೂತಿದ್ದರು.

ದೀಪಾವಳಿಗೆ ವೈನಿಯ ಗಂಡ ಬಂದ. ಗೋಡೆಯಾಚೆಯ ಮಾತು ನನಗೆ ಕೇಳುತ್ತಿತ್ತು. ಬೈಗುಳವಿರಲಿಲ್ಲ. ಅವನು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದ, ಆಕೆ ಒಂದೇ ಉತ್ತರ ಕೊಡುತ್ತಿದ್ದಳು. "ಗೋರಿ ನೋಡ್ಲಿಕ್ಕಿ ಹೋಗಿದ್ದೆ. ಪೇಟಿ ನೋಡ್ಲಿಕ್ಕಿ ಹೋಗಿದ್ದೆ." ಒಬ್ಬ ಹೆಂಗಸು ಬರಗಾಲದಲ್ಲಿ ಬಸ್ಸು ಹತ್ತಿ ಸುಮ್ಮನೆ ಊರು ನೋಡಲು ಹೋಗುತ್ತಾಳೆ ಅಂದರೆ ಯಾರು ನಂಬುತ್ತಾರೆ... ನಾನು ಎದ್ದು ಹೋಗಿ "ಹೌದ್ರಿ, ಖರೆ ಅದ" ಅಂದಿದ್ದರೆ ಸಾಕಿತ್ತು. ಹತ್ತು ಹೆಜ್ಜೆಯ ಅಂಗಳ. ಎದ್ದು ಬಾಗಿಲ ತನಕ ಹೋದೆ, ನಿಂತೆ. ಹಿಂದಕ್ಕೆ ಬಂದು ಮಷೀನಿನ ಮುಂದೆ ಕೂತೆ.

ಒಂದು ವಾರದೊಳಗೆ ಮನೆ ಖಾಲಿ ಮಾಡಿದರು. ಅಂಗಡಿಯ ಕೆಲಸ ಬಿಡಿಸಿ ಆಕೆಯನ್ನು ಹೈದರಾಬಾದಿಗೆ ಕರೆದುಕೊಂಡು ಹೋಗುವುದೆಂದಾಯಿತು. ಹೊರಡುವ ದಿನ ವೈನಿ ನನ್ನ ಬಾಗಿಲಿಗೆ ಬಂದಳು, ಒಳಗೆ ಬರಲಿಲ್ಲ.

"ನಾ ಎಲ್ಲಿಗಿ ಹೋಗ್ತಿದ್ದೆ, ನಿಮಗ ಗೊತ್ತಿತ್ತಲ್ರಿ?"

ತಂಗಿ ಅಂದಿರಲಿಲ್ಲ. ನೀವು ಅಂದಿದ್ದಳು.

"ಗೊತ್ತಿತ್ರಿ."

"ಮತ್ತ ಯಾಕ ಹಂಗ ಹೇಳಿದ್ರಿ? ನಾ ನಿಮಗೇನು ಮಾಡಿದ್ದೆ?"

ಏನಂತ ಹೇಳುವುದು? ನೀವು ನಕ್ಕಿರಿ, ಅದಕ್ಕೆ ಅನ್ನಲೇ? ಆಕೆ ಬಹಳ ಮೆಲ್ಲಗೆ ಅಂದಳು, "ಒಂದ್ ಸಲ ಬರಬೇಕಿತ್ರಿ ನೀವು, ನನ್ನ ಕೂಡ." ಆಟೋ ಹತ್ತಿದಳು. ಹಿಂದೆ ತಿರುಗಿ ನೋಡಲಿಲ್ಲ.

ಮುಂದಿನ ರವಿವಾರವೇ ನಾನು ಆಕೆಯ ಹಾಗೆ ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಅಷ್ಟೂರಿಗೆ ಹೋದೆ. ಒಬ್ಬಳೇ. ಗೋರಿ ನೋಡಿಕೊಳ್ಳುವವನು ನನ್ನ ಹಿಂದೆ ಇಣುಕಿ, ಆ ಬಾಜಿ, ಆ ಅಕ್ಕ ಬರಲಿಲ್ಲವೇ ಅಂತ ಅರ್ಧ ಕನ್ನಡ, ಅರ್ಧ ದಖನಿ ಉರ್ದುವಿನಲ್ಲಿ ಕೇಳಿದ. ಚೀಲ ನೋಡಿ ಕೇಳಿದನೋ, ನಾನು ಬಂದ ದಾರಿ ನೋಡಿ ಕೇಳಿದನೋ... ಹೈದರಾಬಾದಿಗೆ ಹೋದರು ಅಂದೆ. "ಮ್ಯಾಲ ನೋಡಿ ಒಬ್ರೇ ನಗ್ತಿದ್ರು" ಅಂದು ಕನ್ನಡಿ ಹಿಡಿದ. ಬೆಳಕು ಮೇಲೆ ಹೋಯಿತು. ಬಂಗಾರ, ಕೆಂಪು, ನೀಲಿ, ಎಲ್ಲ ಇತ್ತು. ಐದು ನಿಮಿಷಕ್ಕೆ ನನ್ನ ಕುತ್ತಿಗೆ ನೋಯತೊಡಗಿತು. ಚಂದ ಇದೆ ಅನ್ನಿಸಿತು, ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ. ಆಗ ನನಗೆ ಅಳು ಬಂತು. ಆಕೆಗೆ ಸಿಗುತ್ತಿದ್ದದ್ದು ಬಸ್ಸು ಹತ್ತಿದವರಿಗೆಲ್ಲ ಸಿಗುವಂಥದ್ದಲ್ಲ ಅಂತ ಅಲ್ಲಿ ತಿಳಿಯಿತು. ಕಸಿದುಕೊಂಡರೂ ನನ್ನ ಪಾಲಿಗೆ ಬರುವುದಾಗಿರಲಿಲ್ಲ.

ಆ ಮೇಲೆ ಮಳೆ ಬಂತು. ಅಪ್ಪ ಅವ್ವ ಮೆಹಕರಕ್ಕೆ ತಿರುಗಿ ಬಂದರು, ತಮ್ಮಂದಿರು ಪುಣೆಯಲ್ಲೇ ಉಳಿದರು. ಝೆರಾಕ್ಸ್ ಅಂಗಡಿಯವರಲ್ಲಿ ವೈನಿಯ ವಿಳಾಸ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ, ಔರಾದ ಕಡೆಯ ಒಬ್ಬಾಕೆ ಕುಪ್ಪಸ ಹೊಲಿಸಲು ಬಂದಾಗ ಮಾತಿಗೆ ಮಾತು ಸಿಕ್ಕಿ ಸುದ್ದಿ ತಿಳಿಯಿತು. ಜ್ವರ ಬಂದು ಹೈದರಾಬಾದಿನಲ್ಲೇ ತೀರಿಕೊಂಡಳಂತೆ. ಅಲ್ಲಿ ತಿರುಗಾಡುತ್ತಿದ್ದರೇನ್ರಿ ಅಂತ ಕೇಳಿದೆ. "ಎಲ್ಲಿ ತಿರುಗೂದ್ರಿ, ಮನಿ ಬಿಟ್ಟು ಹೊರಗ ಬರ್ತಿದ್ದಿಲ್ಲ" ಅಂದಳು ಆಕೆ, ತೋಳಿನ ಅಳತೆ ಕೊಡುತ್ತ. ಅಳತೆ ಎರಡು ಸಲ ತಪ್ಪಿತು.

ಈಗ ನಾನೂ ಪ್ರತಿ ವರ್ಷ ದಸರೆ ಕಳೆದ ಮೇಲೆ ರವಿವಾರ ಹೊರಡುತ್ತೇನೆ. ಕೋಟೆ, ಭಾಲ್ಕಿ, ಔರಾದ. ಆಮೇಲೆ ಹುಟ್ಟಿದ ನನ್ನ ಮಕ್ಕಳಿಗೂ ಮದುವೆಯಾಗಿದೆ; ಸೊಸೆಯಂದಿರು ಕೂಡ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಪೇಡೆ ಕೊಳ್ಳುತ್ತಾರೆ. ಅವರು ನಗುವಾಗ ನಾನೂ ನಗುತ್ತೇನೆ. ಆದರೆ ಯಾವುದಾದರೂ ಒಡೆದ ಗೋಡೆಯ ಹತ್ತಿರ ನಿಂತಾಗ, ವೈನಿ ಇದ್ದಿದ್ದರೆ ಇಲ್ಲಿ ಏನು ಕಾಣುತ್ತಿದ್ದಳೋ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ಉರಿಯಲಿ. ಹೊಟ್ಟೆಕಿಚ್ಚು ಪಡಲಿಕ್ಕಾದರೂ ಆಕೆ ಇರಬೇಕಿತ್ತು.