ಬಾವಿಯೊಳಗಿನ ಎದುರುಮಾತು

ಬಿಳಿಚೋಡಿನ ಜಂಪಣ್ಣ ಬಾವಿಗಳಿಗೆ ಒಳಗೋಡೆ ಕಟ್ಟುತ್ತಿದ್ದ. ಅವನಿಡುವ ಪ್ರತಿ ಕಲ್ಲಿಗೂ ತಕರಾರು ತೆಗೆಯುತ್ತಿದ್ದ ಜೊತೆಗಾರ ಚಿತ್ತಪ್ಪ 1978ರ ಜನವರಿ 19ರಂದು ಜ್ವರದಿಂದ ತೀರಿಕೊಂಡ. ತಪ್ಪು ತೋರಿಸುವವರಿಲ್ಲದ ಆ ಮೌನಕ್ಕೆ ಹೆದರಿ, ಜಂಪಣ್ಣ ಕಲ್ಲುಗಳ ಸಂದುಗಳಿಗೆಲ್ಲ ಸಿಮೆಂಟು ತುಂಬತೊಡಗಿದ. ಜಗಳೂರಿನ ಬಳಿ ಕೆಲಸ ಹಿಡಿದಿದ್ದ ಬಾವಿಯ ಗೋಡೆ ಎರಡು ಸಲ ಕುಸಿಯಿತು. ಇನ್ನೊಮ್ಮೆ ಬಿದ್ದರೆ ಕೆಲಸ ಬೇರೆಯವರಿಗೆ ಎಂದು ಹೊಲದೊಡೆಯ ಖಡಾಖಂಡಿತವಾಗಿ ಹೇಳಿದ.

ಮಾರ್ಚ್ 14ರ ಮಂಗಳವಾರ ಮಧ್ಯಾಹ್ನ, ಅವನೊಬ್ಬನೇ ತಳದಲ್ಲಿದ್ದಾಗ ಮೇಲಿನಿಂದ ಪರಿಚಿತ ಕೆಮ್ಮು ಕೇಳಿಸಿತು.

"ಏನಲೇ ಜಂಪಾ, ಇನ್ನೂ ಸಿಮೆಂಟು ಬಳೀತಿದ್ದೀಯಾ?"

"ಗಟ್ಟಿ ಆಗ್ಲಿ ಅಂತ."

"ಒಸರು ನೀರು ಬರಾಕೆ ದಾರಿ ಎಲ್ಲೈತೆ? ಹಿಂದೆ ನಿಂತು ಗೋಡೆ ನೂಕ್ತೈತೆ. ನಿನ್ನ ಬಾಯಿ ಹಿಂಗೆ ಮುಚ್ಚಿದ್ರೆ ಸುಮ್ನಿರ್ತೀಯಾ?"

"ನಿನ್ನ ಬಾಯಂತೂ ಯಾರಿಗೂ ಮುಚ್ಚಾಕೆ ಆಗ್ಲಿಲ್ಲ ಬಿಡು" ಎಂದು ಜಂಪಣ್ಣ ನಕ್ಕ. ನಗು ಅರ್ಧಕ್ಕೇ ನಿಂತಿತು. ತಲೆ ಎತ್ತಿದರೆ ಅಲ್ಲಿ ಬರಿಯ ಆಕಾಶವಿತ್ತು.

ಸಿಮೆಂಟನ್ನು ಕಿತ್ತು, ಸಂದು ಬಿಟ್ಟು ಗೋಡೆಯನ್ನು ಮತ್ತೆ ಕಟ್ಟಿದ. ಆ ಮಳೆಗಾಲದಲ್ಲಿ ನೀರು ಸಂದುಗಳಿಂದ ಸಲೀಸಾಗಿ ಇಳಿಯಿತು, ಗೋಡೆ ಅಲುಗಲಿಲ್ಲ.

ಆಮೇಲೆ 1986ರಲ್ಲಿ ಕೆಲಸ ಬಿಡುವವರೆಗೂ, ಜೊತೆಗೆ ಬರುವವರನ್ನು ಅವನು ಮೊದಲು ಕೇಳುತ್ತಿದ್ದುದು, "ಎದುರು ಮಾತಾಡಾಕೆ ಬರ್ತೈತೇನಪ್ಪಾ?" ಎಂದು. ಅವರು ಮೇಲೆ ನಿಂತು ವಾದಿಸುವಾಗ ತಪ್ಪದೆ ಉತ್ತರಿಸುತ್ತಿದ್ದ. ತಲೆ ಮಾತ್ರ ಎತ್ತುತ್ತಿರಲಿಲ್ಲ.