ಚಂದ್ರಿಯ ಹೊಳೆಗೆ ಯಾರೂ ಕಾಲಿಡಲಿಲ್ಲ

ನನ್ನ ಅಕ್ಕನ ಮಗಳು ಚಂದ್ರಕಲಾ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ಹೇಳಲು ಬಂದರೆ ತಾನೆ! ನರ್ಸಾಗಿದ್ದರೆ ನರ್ಸ್ ಅನ್ನಬಹುದಿತ್ತು, ಟೀಚರಾಗಿದ್ದರೆ ಟೀಚರ್. ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ 'ಎಲ್‌ಇಡಿ ಕೆಲಸ' ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸುತ್ತೇನೆ. ಅದು ಕಿವಿಗೆ ಬಿದ್ದರೆ ಅವಳಿಗೆ ಸಿಟ್ಟು.

"ಎಲ್‌ಇಡಿ ಕೆಲಸ ನಿಂದು ಮಾಮ. ನಂದು ಬ್ಯಾರೆ," ಅನ್ನುತ್ತಾಳೆ.

ಬೇರೆ ಅಂತೆ! ನಾನು ಜಡೆಪ್ಪ. ನನ್ನದು ಶಾಮಿಯಾನ, ಸೌಂಡು, ಲೈಟಿನ ಅಂಗಡಿ. ಸಂಡೂರಿನಲ್ಲಿ ಗಣಿಯವರ ಕಾರ್ಯಕ್ರಮಕ್ಕೆ ಪರದೆ ಕಟ್ಟಿ ಬಂದರೆ ಪ್ರೊಜೆಕ್ಟರಿಗೆ ಹಿಡಿದ ಕೆಂಪು ಧೂಳು ಒರೆಸುವುದರಲ್ಲೇ ನನ್ನ ಜೀವ ಹೋಗುತ್ತದೆ. ಈ ಹುಡುಗಿ ಕಂಪ್ಲಿಯ ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಮಾಡುತ್ತಾ ಕಂಪ್ಯೂಟರ್ ಕಲಿತಳು. ಆಮೇಲೆ ನನ್ನ ಎಲ್‌ಇಡಿ ಗೋಡೆಯ ಮೇಲೆ ಹೂವು ಉದುರಿಸುವುದನ್ನು ಕಲಿತಳು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಒಂದು ಮದುವೆಯಲ್ಲಿ ಮದುಮಗಳು ಕೈಯೆತ್ತಿದ ಕಡೆಗೆಲ್ಲ ಪರದೆಯ ಹೂವು ಹಾರುವಂತೆ ಕ್ಯಾಮೆರಾ ಹಚ್ಚಿದಳು. ಜನ ಪಂಕ್ತಿಯ ಎಲೆ ಬಿಟ್ಟು ಎದ್ದು ಬಂದು ನೋಡಿದರು. ಅಂದು ಕೆಟ್ಟ ಅವಳ ತಲೆ ಇಂದಿಗೂ ನೆಟ್ಟಗಾಗಿಲ್ಲ.

"ನೋಡೋರು ಏನರ ಮಾಡಿದ್ರ ಮಾತ್ರ ಚಿತ್ರ ಪೂರಾ ಆಗ್ಬೇಕು ಮಾಮ. ಸುಮ್ನ ನಿಂತು ನೋಡಿದ್ರ ಅದು ಅರ್ಧಾನೇ."

"ಅರ್ಧ ಬೇಯಿಸಿ ಬಡಿಸಿದ್ರ ಯಾರು ಉಣ್ತಾರಲೇ?" ಎಂದೆ ನಾನು.

ಹಂಪಿ ನೋಡಲು ಬರುವವರಿಗೆಂದು ಕಟ್ಟುತ್ತಿದ್ದ ಹೊಸ ಕಟ್ಟಡವೊಂದರಲ್ಲಿ ಇಂಥದೊಂದು ಕೃತಿಗೆ ಕಾಯಂ ಜಾಗ ಕೊಡುತ್ತಾರೆಂದು ಗೊತ್ತಾದ ಮೇಲಂತೂ ಅವಳು ಮನೆಯಲ್ಲಿ ನಿಲ್ಲಲಿಲ್ಲ. ಆ ಜಾಗ ಸಿಕ್ಕಿದರೆ ಮತ್ತೆ ಮದುವೆ ಮನೆಯಲ್ಲಿ ಹೂವು ಉದುರಿಸುವ ಗೋಳಿಲ್ಲ. ಸಿಗದಿದ್ದರೆ ಕಂಪ್ಲಿಯ ಆಲ್ಬಮ್ಮೇ ಗತಿ. ಆರಿಸುವ ಸಮಿತಿಯವರು ಹೊರಗಿನಿಂದ ಬಂದು ನೋಡಿ ಹೋಗುವುದೆಂದು ನಿಶ್ಚಯವಾಗಿತ್ತು.

ಅವಳು ಆರಿಸಿಕೊಂಡದ್ದು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ ಒಂದು ಊರು. ಆ ಊರಲ್ಲಿ ಹುಟ್ಟಿದ ಎರ್ರೆಮ್ಮ ಎಂಬ ಮುದುಕಿ ಈಗ ಪಾಪಿನಾಯಕನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಊರು ಬಿಟ್ಟಾಗ ಅವಳು ಲಂಗ ಉಡುವ ಹುಡುಗಿ. ಚಂದ್ರಿ ಅವಳ ಮುಂದೆ ಕೂತು ಬಾಗಿಲು ಯಾವ ದಿಕ್ಕಿಗಿತ್ತು, ಒರಳು ಎಲ್ಲಿತ್ತು, ಬೇವಿನಮರ ಎಷ್ಟು ದೂರ ಎಂದು ಕೇಳಿ ಕೇಳಿ ಚಿತ್ರ ಬರೆದಳು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹೋಗಿ ಅಲ್ಲಿ ಬಿದ್ದಿದ್ದ ಹೊಸ್ತಿಲುಗಲ್ಲುಗಳ ಫೋಟೋ ತೆಗೆದುಕೊಂಡು ಬಂದಳು.

"ನಂಗ ತೋರಿಸ್ತಿ ಹೌದಿಲ್ಲೋ ಯವ್ವಾ?" ಎಂದಿದ್ದಳು ಮುದುಕಿ. ತೋರಿಸುತ್ತೇನೆಂದು ಇವಳು ಮಾತು ಕೊಟ್ಟಿದ್ದಳು.

ಕಮಲಾಪುರದಲ್ಲಿ ಖಾಲಿ ಬಿದ್ದಿದ್ದ ಬೆಲ್ಲದ ಗೋದಾಮೊಂದನ್ನು ಹಿಡಿದೆವು. ಹಿಡಿದೆವು ಎಂದರೆ, ನಾನು ಹಿಡಿಸಿಕೊಟ್ಟೆ. ಇರುವೆ ಗುಡಿಸಿದ್ದು ನಾನು, ಏಣಿ ಹತ್ತಿ ಸೂರಿಗೆ ಪ್ರೊಜೆಕ್ಟರ್ ಕಟ್ಟಿದ್ದು ನಾನು. ನೆಲದ ತುಂಬ ನೀರು ಬಿತ್ತು. ಬೆಳಕಿನ ನೀರು. ಸಣ್ಣ ಅಲೆ, ಮೇಲೆ ಮೋಡದ ನೆರಳು. ನೋಡಿದರೆ ಮೈ ತಣ್ಣಗಾಗಬೇಕು. ನೀರಿನ ಮೇಲೆ ಯಾರಾದರೂ ಕಾಲಿಟ್ಟರೆ ಮೇಲಿನ ಕ್ಯಾಮೆರಾ ಅದನ್ನು ಹಿಡಿದು ನೀರನ್ನು ಸರಿಸುತ್ತದೆ. ಕೆಳಗೆ ಊರು ಕಾಣುತ್ತದೆ. ಕಾಲು ತೆಗೆದರೆ ನೀರು ಮತ್ತೆ ಮುಚ್ಚಿಕೊಳ್ಳುತ್ತದೆ. ಮಸ್ತ್ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ದಿನ ಕಮಲಾಪುರದ ಜನರನ್ನು ಕರೆದೆವು. ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ನೀರಿನ ಸುತ್ತ ದಡದಲ್ಲಿ ನಿಂತಂತೆ ನಿಂತರು. ಒಬ್ಬಳು ಕೈ ಮುಗಿದಳು. ಒಬ್ಬ ನಾಣ್ಯ ಎಸೆದ. ಇನ್ನೊಬ್ಬಳು ಅರಿಸಿನ ಕುಂಕುಮ ಹಾಕಿ ಬಾಳೆಹಣ್ಣು ಇಟ್ಟಳು. ಆದರೆ ಕಾಲಿಡಲು ಒಬ್ಬರೂ ತಯಾರಿಲ್ಲ!

"ತುಳೀರಿ! ಒಳಗ ಬರ್ರಿ, ತುಳೀರಿ!" ಎಂದು ಚಂದ್ರಿ ಕೂಗಿದಳು.

ಧೈರ್ಯ ಮಾಡಿ ಒಬ್ಬ ಕಾಲೇಜು ಹುಡುಗ ಹೆಜ್ಜೆ ಮುಂದಿಟ್ಟ. ಅವನ ದೊಡ್ಡಪ್ಪ ತಲೆಗೊಂದು ಬಿಟ್ಟ. "ಗಂಗವ್ವನ್ನ ತುಳೀತಿಯೇನಲೇ, ಮಂಗ್ಯಾನ ಮಗನ!" ಹುಡುಗ ಹಿಂದೆ ಸರಿದ. ಜನ ಕೈ ಮುಗಿದು, ಭಾಳ ಚಂದೈತಿ ಎಂದು ಹೇಳಿ ಹೊರಟುಹೋದರು. ಮುಳುಗಿದ ಊರು ಯಾರಿಗೂ ಕಾಣಲಿಲ್ಲ.

ಚಂದ್ರಿ ಬಾಳೆಹಣ್ಣನ್ನು ಎತ್ತಿ ಗೋಡೆಗೆ ಎಸೆದಳು. "ನಾಟಕದ ನೀರಂತ ಗೊತ್ತಿದ್ದೂ ಹಿಂಗ ಮಾಡ್ತಾರಲ್ಲ ಮಾಮ! ಇವರಿಗಂತ ಮಾಡಿದ್ದು ನಾನು, ಇವರಿಗೇ ಬ್ಯಾಡ!"

"ನೋಡ್ದಿ? ಹೊಳೆಯಾಗ ಹುಣಸೆಹಣ್ಣು ತೊಳದಂಗಾತು," ಎಂದೆ. ಹೇಳಬಾರದಿತ್ತೇನೋ. ಆದರೆ ಏಣಿ ಹತ್ತಿ ಇಳಿದು ಸೊಂಟ ಬಿದ್ದುಹೋಗಿತ್ತು, ಬಾಯಿ ತಡೆಯಲಿಲ್ಲ. ಅವಳು ಗಾಡಿ ಹತ್ತಿ ಹಂಪಿಯ ಕಡೆ ಹೋದಳು.

ಸಂಜೆ ವಾಪಸ್ ಬಂದಾಗ ಮುಖ ಬೇರೆಯೇ ಆಗಿತ್ತು. ಮುಖ ತೊಳೆಯಲು ಹೊಳೆಗೆ ಇಳಿದಿದ್ದಳಂತೆ. ಅಷ್ಟು ಸಿಟ್ಟಿನಲ್ಲೂ ಮೊದಲು ಬಗ್ಗಿ, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಕಾಲಿಟ್ಟಳಂತೆ.

"ನಾವ್ಯಾರೂ ಹೊಳೆಗೆ ಮೊದ್ಲು ಕಾಲಿಡಲ್ಲ ಮಾಮ. ಕೈ ಇಡ್ತೀವಿ. ನಾನೂ ಹಂಗೇ ಮಾಡಿದೆ, ಈಗಷ್ಟೇ. ತಪ್ಪು ನಂದೇ. ಆ ಕ್ಯಾಮೆರಾ ಕೆಳಗ ಇಳಸು."

ಇಳಿಸು ಅಂತೆ! ನನ್ನ ಒಳ್ಳೆಯ ಮೈಕ್ ಸ್ಟ್ಯಾಂಡನ್ನು ಅರ್ಧಕ್ಕೆ ಕೊಯ್ಯಿಸಿ ದಡದ ಪಕ್ಕ ನಿಲ್ಲಿಸಿ ಕ್ಯಾಮೆರಾ ಕಟ್ಟಿಸಿದಳು. ಅವಳು ಕಂಪ್ಯೂಟರಿನ ಮುಂದೆ ಕೂತು ಬೈದುಕೊಳ್ಳುತ್ತಾ, ಕೆಡಿಸುತ್ತಾ, ಮತ್ತೆ ಬರೆಯುತ್ತಾ ಇದ್ದಳು. ಈಗ ಯಾರಾದರೂ ಬಗ್ಗಿ ನೀರಿನ ಮೇಲೆ ಕೈಯಿಟ್ಟರೆ ಊರು ಕಾಣಬೇಕು. ಒಂದು ಸಲಕ್ಕೆ ಒಂದೇ ಕೈ; ಎರಡಾದರೆ ಆ ಯಂತ್ರಕ್ಕೆ ಗಲಿಬಿಲಿಯಾಗಿ ಎಲ್ಲವೂ ನಿಂತುಬಿಡುತ್ತದೆ. ಸರಿಮಾಡಲು ಪುರಸೊತ್ತಿರಲಿಲ್ಲ. ಸಮಿತಿಯವರು ಮರುದಿನವೇ ಬರುವವರಿದ್ದರು.

ಮರುದಿನ ಮಧ್ಯಾಹ್ನ ಅವರಿಗಿಂತ ಮುಂಚೆ ಎರ್ರೆಮ್ಮನ ಆಟೋ ಬಂತು. ಮಾತು ಕೊಟ್ಟಿದ್ದಳಲ್ಲ, ಚಂದ್ರಿಯೇ ಕರೆಸಿದ್ದಳು. ಮುದುಕಿ ಕೋಲು ಬದಿಗಿಟ್ಟು, ನನ್ನ ತೋಳು ಹಿಡಿದು ದಡದಲ್ಲಿ ಕೂತಳು. ಯಾರೂ ಹೇಳಿಕೊಡಲಿಲ್ಲ. ನೀರಿನ ಮೇಲೆ ಕೈಯಿಟ್ಟಳು. ನೀರು ಸರಿಯಿತು. ಹೊಸ್ತಿಲು ಬಂತು, ಒರಳು ಬಂತು, ಬೇವಿನ ನೆರಳು ಬಂತು.

"ಯವ್ವಾ... ನಮ್ಮನಿ," ಎಂದಳು. "ಇಲ್ಲೇ ನಮ್ಮವ್ವ ಕುಂದರ್ತಿದ್ಲು. ಇಲ್ಲೇ ಆಕಳ ಕರ ಕಟ್ತಿದ್ವಿ." ಕಣ್ಣೊರೆಸಿಕೊಳ್ಳಲು ಕೈಯೆತ್ತಿದಳು. ನೀರು ನಾಲ್ಕೂ ಕಡೆಯಿಂದ ಬಂದು ಹೊಸ್ತಿಲನ್ನು ಮುಚ್ಚಿತು. "ಅಯ್ಯೋ, ನೀರು ಬಂತು! ನೀರು ಬಂತು!" ಎಂದು ಚೀರಿ ಕೈಯನ್ನು ಮತ್ತೆ ಒತ್ತಿದಳು. ಮನೆ ಮತ್ತೆ ಕಂಡಿತು. ಆಮೇಲೆ ಅವಳು ಆ ಕೈಯನ್ನು ಎತ್ತಲೇ ಇಲ್ಲ. ಕಣ್ಣೀರು ಕೆನ್ನೆಯ ಮೇಲೇ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಸಮಿತಿಯವರು ಬಂದರು. ಅವರಲ್ಲಿ ಹಿರಿಯರು ನೋಡಿದರು, ಕಾದರು. ಕೊನೆಗೆ ಮೆತ್ತಗೆ, "ಮೊದಲಿಂದ ನೋಡಬೇಕಿತ್ತಮ್ಮ. ಅಜ್ಜಿ ಸ್ವಲ್ಪ ಎದ್ದರೆ ನಾವೇ ಕೈಯಿಟ್ಟು ನೋಡುತ್ತೇವೆ," ಎಂದರು. ನ್ಯಾಯವಾದ ಮಾತು. ಅವರದೇನು ತಪ್ಪು?

ನಾನು ಚಂದ್ರಿಗೆ ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಅವಳು ಮುದುಕಿಯ ಕೈಯನ್ನೇ ನೋಡುತ್ತಿದ್ದಳು. ತಡೆಯಲಾರದೆ ನಾನೇ ಬಗ್ಗಿ ಮುದುಕಿಯ ರಟ್ಟೆ ಹಿಡಿದೆ. "ಏಳಮ್ಮಾ, ದೊಡ್ಡೋರು ಬಂದಾರ."

ಎರ್ರೆಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. "ಮತ್ತ ಎಬ್ಬಿಸ್ತೀರೇನಪ್ಪಾ?"

ಚಂದ್ರಿ ಬಂದು ನನ್ನ ಕೈ ಬಿಡಿಸಿದಳು. "ಬ್ಯಾಡ ಮಾಮ."

ಸಮಿತಿಯವರು ಚಹಾ ಕುಡಿದರು, ಇನ್ನಷ್ಟು ಹೊತ್ತು ನಿಂತರು, ಗಡಿಯಾರ ನೋಡಿಕೊಂಡರು. ಸಂಡೂರಿನಲ್ಲಿ ಇನ್ನೊಬ್ಬರ ಕೃತಿ ನೋಡುವುದಿತ್ತು. ಹೊರಟರು. ಕೆಲವು ದಿನಗಳ ಮೇಲೆ ಜಾಗವೂ ಅದಕ್ಕೇ ಸಿಕ್ಕಿತು. ಚಪ್ಪಾಳೆ ತಟ್ಟಿದರೆ ಬಣ್ಣ ಬದಲಿಸುವ ಒಂದು ಗೋಡೆ ಅಂತೆ.

ಅಂದು ಅವರ ಕಾರು ತಿರುಗುತ್ತಿದ್ದಂತೆ ನನ್ನ ಪಿತ್ತ ನೆತ್ತಿಗೇರಿತು. ಅವಳನ್ನು ಹೊರಗೆ ಎಳೆದುಕೊಂಡು ಬಂದೆ. "ಬುದ್ಧಿ ಐತೇನಲೇ ನಿಂಗ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ! ಒಂದೇ ಒಂದು ಗಳಿಗಿ ಕೈ ಎತ್ತು ಅಂದಿದ್ರ ಸಾಕಾಗಿತ್ತು. ಆಮ್ಯಾಲೆ ಮತ್ತ ಇಟ್ಕೋತಿದ್ಲು ಮುದುಕಿ. ಏನು ಹೋಗ್ತಿತ್ತು?"

ಅವಳ ಕಣ್ಣು ಕೆಂಪಾಗಿದ್ದವು. ಸಿಟ್ಟೋ ಅಳುವೋ, ಎರಡೂ ಇರಬೇಕು.

"ಒಂದ್ಸಲ ಮುಳುಗಿಸಿದ್ದು ಸಾಲಲಿಲ್ಲೇನು ಮಾಮ?" ಎಂದಳು. "ನಾನೂ ಒಂದ್ಸಲ ಮುಳುಗಿಸ್ಬೇಕಿತ್ತೇನು?"

ನನ್ನ ಸಿಟ್ಟು ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ. ಒಳಗೆ ಇಣುಕಿ ನೋಡಿದೆ. ಮುದುಕಿ ಹಾಗೆಯೇ ಕೂತು ಒರಳಿನ ಜೊತೆ ಏನೋ ಮಾತಾಡುತ್ತಿದ್ದಳು. ಕಮಲಾಪುರದಲ್ಲಿ ಕರೆಂಟು ಹೋಗುವ ಹೊತ್ತಾಗುತ್ತಾ ಬಂದಿತ್ತು. ಬೈದುಕೊಳ್ಳುತ್ತಲೇ ಹಿಂದಕ್ಕೆ ಹೋಗಿ, ಕರೆಂಟು ಹೋಗುವ ಮುಂಚೆಯೇ ಜನರೇಟರ್ ಶುರು ಮಾಡಿದೆ.