ಹೆಂಗೂ ಬರ್ತಾನಲ್ಲ

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಸೋಲಾರ್, ಇನ್ವರ್ಟರ್ ಮಾರುವ ಒಂದು ಅಂಗಡಿ. ಅಲ್ಲಿ ನಾನು ಕೆಲಸ ಮಾಡುತ್ತಿದ್ದೆ ಎಂದರೆ ಅದರ ಯಜಮಾನರು ಒಪ್ಪಲಿಕ್ಕಿಲ್ಲ. ಕರೆದಾಗ ಹೋಗುವುದು, ಆ ದಿನದ್ದು ಆ ದಿನ ಇಸಿದುಕೊಳ್ಳುವುದು, ಅಷ್ಟೇ. ಕೆಲಸ ನನಗೆ ಯಾರೂ ಕಲಿಸಿದ್ದಲ್ಲ. ಹಾಳಾದ ಇನ್ವರ್ಟರ್ ಬಿಚ್ಚಿ, ಫೋನಿನಲ್ಲಿ ವೀಡಿಯೊ ನೋಡುತ್ತಾ, ಇನ್ನೊಂದಿಷ್ಟು ಸುಟ್ಟು ಕಲಿತದ್ದು. ಹುಚ್ಚು ಹೇಗಿತ್ತೆಂದರೆ, ಸಿಡಿಲು ಹೊಡೆದ ಮನೆಯಿಂದ ಕರೆ ಬಂದರೆ ಊಟ ಬಿಟ್ಟು ಓಡುತ್ತಿದ್ದೆ.

ಹೋದ ವರ್ಷ ಎನ್.ಆರ್. ಪುರದಲ್ಲಿ ಪಾಚಿ ಹಿಡಿದ ಹೆಂಚಿನ ಮಾಡಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡೆ. ಯಜಮಾನರು ಮನೆಗೆ ಬಂದು ಬ್ರೆಡ್ಡು, ಮೂಸಂಬಿ ಕೊಟ್ಟು, "ಗುಣ ಆದ್ಮೇಲೆ ಬಾ ಮಾರಾಯ, ಅರ್ಜೆಂಟೇನಿಲ್ಲ" ಎಂದರು. ಅವರಿಗೆ ಅರ್ಜೆಂಟಿರಲಿಲ್ಲ, ನಿಜ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕಾಸಿಲ್ಲದೆ ಕೂತಾಗಲೇ ನನಗೆ ಪರ್ಮನೆಂಟ್ ಆಗಬೇಕು ಅನ್ನಿಸಿದ್ದು.

ಈ ಬೇಸಿಗೆಯಲ್ಲಿ ಅಂಗಡಿಗೆ ಕೆಲಸ ಮೇಲಿಂದ ಮೇಲೆ ಬಂತು. ಯಜಮಾನರು ಒಂದು ದಿನ ಚಾ ಕುಡಿಯುತ್ತಾ ನನ್ನನ್ನೇ ಕೇಳಿದರು.

"ಫೋನಲ್ಲಿ ಎಲ್ಲಾ ನೋಡವ ನೀನು. ಹೇಳು, ಸಂಬಳಕ್ಕೆ ಒಬ್ಬನ್ನ ಇಟ್ಕಳದು ಒಳ್ಳೇದಾ, ಹಿಂಗೇ ಕರ್ದು ಕೆಲಸ ಮಾಡಿಸದಾ? ಮಳೆಗಾಲದಲ್ಲಿ ಕೆಲಸ ಇಲ್ದೆ ಅವನ ಮುಖ ನೋಡ್ತಾ ಕೂರ್ಬೇಕಲ್ಲ ಮಾರಾಯ."

ನಾನು ಬೆಲ್ಲ ಕಂಡ ಇರುವೆಯಂತೆ ಶುರುಮಾಡಿದೆ. "ಅಣ್ಣ, ಕರ್ದಾಗ ಬರೋನು ಕೆಲಸ ಮುಗಿಸಿ ಹೋಗ್ತಾನೆ. ವಾರ ಬಿಟ್ಟು ಮತ್ತೆ ಕೆಟ್ರೆ ಅವನಿಗೆ ಎಂತ? ಸಂಬಳದವನಾದ್ರೆ ಯಾವ ಮನೆ ವೈರಿಂಗ್ ಹೆಂಗಿದೆ ಅಂತ ತಲೇಲಿ ಇಟ್ಕೊಂಡಿರ್ತಾನೆ. ಮಳೆಗಾಲದಲ್ಲಿ ಹಳೇ ಇನ್ವರ್ಟರ್ ಬೋರ್ಡ್ ರಿಪೇರಿ ಮಾಡಿಸ್ಬಹುದು. ಈಗ ಅವೆಲ್ಲ ಗುಜರಿಗೆ ಹೋಗ್ತಿವೆ."

ಅವರು ಲೋಟ ಕೆಳಗಿಟ್ಟು, "ಹೌದು ಕಣಾ, ನೀ ಹೇಳದು ಸರಿ. ಒಬ್ಬನ್ನ ಇಟ್ಕಳಾಣ" ಎಂದರು.

ಪರ್ಮನೆಂಟ್ ಆಯ್ತೆಂದು ನಾನು ಮನೆಯಲ್ಲೂ ಹೇಳಿಬಿಟ್ಟೆ. ಸೋಮವಾರ ಕರೆಯದಿದ್ದರೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ. ಗಲ್ಲಾದ ಪಕ್ಕದ ಕುರ್ಚಿಯಲ್ಲಿ, ಅಂಗಡಿಯ ಟೀಶರ್ಟ್ ಹಾಕಿಕೊಂಡು ಬೇರೊಬ್ಬ ಕೂತಿದ್ದ. ಹಿರೇಕೊಡಿಗೆಯವನು, ಶಿವಮೊಗ್ಗದ ಒಂದು ಅಂಗಡಿಯಲ್ಲಿ ಇದ್ದವನು.

ಯಜಮಾನರನ್ನು ಹೊರಗೆ ಕರೆದು ಹೇಳಿದೆ, "ಅಣ್ಣ, ಆ ಕೆಲಸ ನನಗೇ ಅಂದ್ಕೊಂಡಿದ್ದೆ."

ಅವರಿಗೆ ನಿಜವಾಗಿಯೂ ಆಶ್ಚರ್ಯ. "ನಿಂಗಾ? ನೀನು ಹೆಂಗೂ ಬರ್ತೀಯಲ್ಲ ಮಾರಾಯ! ಅವನು ಪರ್ಮನೆಂಟ್ ಮಾಡಿದ್ರೆ ಮಾತ್ರ ಬರ್ತೀನಿ ಅಂದ. ಇರು, ಶೃಂಗೇರಿ ಆಚೆ ಸಿರಿಮನೇಲಿ ಒಂದು ಮನೆ ಇನ್ವರ್ಟರ್ ಹೋಗಿದೆ. ಅವನಿಗೆ ವ್ಯಾಪಾರ ಗೊತ್ತು, ರಿಪೇರಿ ಅಷ್ಟು ಬರಲ್ಲ. ಕರ್ಕೊಂಡು ಹೋಗಿ ತೋರಿಸಿಕೊಡು."

ಹೋದೆ. ಬೈಕ್ ನನ್ನದೇ. ಆ ಮನೆಗೆ ನಾನು ಹಿಂದೆಯೂ ಹೋಗಿದ್ದೆ. ನಾನು ಬಗ್ಗಿ ಬೋರ್ಡ್ ಬಿಚ್ಚುತ್ತಿದ್ದಾಗ ಮನೆಯ ಅಮ್ಮ ಟೀಶರ್ಟ್ ನೋಡಿ ಅವನಿಗೆ ಕುರ್ಚಿ ಹಾಕಿದರು.

"ನೀವು ಅಂಗಡಿಯವ್ರಾ? ಹಂಗಾರೆ ಈ ಮಾಣಿ?"

"ಇವ್ರು ನಮ್ಮವರಲ್ಲ. ಬೇಕಾದಾಗ ಕರೀತೀವಿ" ಎಂದ ಅವನು. ಅವನ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ಇದ್ದದ್ದನ್ನೇ ಹೇಳಿದ್ದ.

ಲೈಟು ಹತ್ತಿತು. ಯಾವಾಗಲೂ ಆಗುವ ಖುಷಿ ಆ ದಿನ ಆಗಲಿಲ್ಲ.

ವಾಪಸು ಬರುವಾಗ ಶೃಂಗೇರಿ ಪೇಟೆಯಲ್ಲಿ ಯಜಮಾನರ ಫೋನು. "ನಾಳೆ ಎನ್.ಆರ್. ಪುರದಲ್ಲಿ ಪ್ಯಾನಲ್ ಕೂರಿಸ್ಬೇಕು. ಬೆಳಿಗ್ಗೇನೇ ಬಾ."

"ಪರ್ಮನೆಂಟ್ ಮಾಡಿದ್ರೆ ಮಾತ್ರ ಬರ್ತೀನಿ ಅಣ್ಣ."

ಅವರು ಜೋರಾಗಿ ನಕ್ಕರು. "ನೀನೊಬ್ಬ! ಬೇಗ ಬಾ, ಆಯ್ತಾ" ಎಂದು ಫೋನ್ ಇಟ್ಟರು.

ನಾನು ಹೋಗಲಿಲ್ಲ. ಬೆಳಿಗ್ಗೆ ಪೂರ್ತಿ ಫೋನು ಹೊಡೆದುಕೊಂಡಿತು. ಮಾರನೆಯ ದಿನವೂ ಹೊಡೆದುಕೊಂಡಿತು. ಆಮೇಲೆ ನಿಂತಿತು. ಅವರು ಮತ್ತೆ ಮಾಡುತ್ತಾರೆ, ಈ ಸಲ ನಗುವುದಿಲ್ಲ ಎಂದುಕೊಂಡು ನಾನು ಅದನ್ನು ಜೇಬಿನಿಂದ ತೆಗೆದು ತೆಗೆದು ನೋಡುತ್ತಿದ್ದೆ.

ಈಗ ಆ ಅಂಗಡಿಗೆ ಕರೆದಾಗ ಬರುವವನು ಬೇರೊಬ್ಬ ಸಿಕ್ಕಿದ್ದಾನೆ. ಅವನೂ ಫೋನ್ ನೋಡಿಯೇ ಕಲಿತವನು. ಯಾವ ಹೊತ್ತಿಗೆ ಕರೆದರೂ ಓಡಿ ಬರುತ್ತಾನಂತೆ.